ದುರ್ಗದ ರೋಗಿ, ದಾವಣಗೆರೆ ದಾರಿ

ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹೆರಿಗೆಗಳೆಲ್ಲ ಆಸ್ಪತ್ರೆಗೇ ಬಂದವು. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇವತ್ತಿಗೂ ಅದೇ: ‘ಗಾಡಿ ಯಾರದೈತೆ?’

ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬರುತ್ತದೆ. ಹೊಸದುರ್ಗ ಸೀಮೆಯ ತೋಟದ ಮನೆಗಳಲ್ಲಿ ಆ ಕರೆಂಟಿಗಾಗಿಯೇ ನಿದ್ದೆಯನ್ನು ಎರಡು ತುಂಡು ಮಾಡಿಕೊಂಡವರಿದ್ದಾರೆ. ಮೋಟರಿನ ಸದ್ದು ಕಿವಿಗೆ ಬಿದ್ದದ್ದೇ ತಡ, ಟವೆಲ್ಲು ಹೆಗಲಿಗೆ, ಮೊಬೈಲ್ ಟಾರ್ಚು ಕೈಗೆ, ಸವೆದ ಹವಾಯಿ ಚಪ್ಪಲಿ ಕಾಲಿಗೆ. ಅಡಿಕೆ ಸಾಲಿಗೆ ನೀರು ತಿರುಗಿಸಬೇಕು, ದಾಳಿಂಬೆಯ ಗೇಟ್‌ವಾಲ್ವು ಬದಲಿಸಬೇಕು. ಉದುರಿದ ಸೋಗೆಯಡಿಯ ತಂಪಿಗೆ ಇಲಿ ಬಂದಿರುತ್ತದೆ, ಇಲಿಯ ಹಿಂದೆ ಕೊಳಕುಮಂಡಲ ಬಂದಿರುತ್ತದೆ, ಕೊನೆಗೆ ರೈತನ ಕಾಲು ಬರುತ್ತದೆ.

ಕಚ್ಚಿದ್ದು ಖಚಿತವಾದ ಮೇಲೆ ಮನೆಯಲ್ಲಿ ಮೂರು ಪಕ್ಷಗಳಾಗುತ್ತವೆ. ಪಕ್ಕದೂರಿನಲ್ಲಿ ಸೊಪ್ಪು ಹಿಂಡುವವರಿದ್ದಾರೆ, ಅಲ್ಲಿಗೇ ಹೋಗೋಣ ಎನ್ನುವ ಹಿರಿಯರದ್ದು ಒಂದು. 108ಕ್ಕೆ ಫೋನ್ ಹಚ್ಚುವ ಹುಡುಗರದ್ದು ಇನ್ನೊಂದು. ಕಾರಿರುವವರ ಬಾಗಿಲು ಬಡಿಯಲು ಆಗಲೇ ಓಡಿದ ಹೆಂಡತಿಯದ್ದು ಮೂರನೆಯದು.

ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಇದ್ದು, ಅದನ್ನು ಕೊಟ್ಟು ಗೊತ್ತಿರುವ ವೈದ್ಯರು ಆ ರಾತ್ರಿ ಡ್ಯೂಟಿಯಲ್ಲಿದ್ದರೆ ಅರ್ಧ ಗೆದ್ದಂತೆ. ಉಳಿದರ್ಧ ಹಾವಿನ ಜಾತಿಯ ಮೇಲೆ ನಿಂತಿದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂತ್ರಪಿಂಡಕ್ಕೆ ಕೈ ಹಾಕುತ್ತದೆ, ಡಯಾಲಿಸಿಸ್ ಬೇಕಾಗಬಹುದು. ಕಟ್ಟುಹಾವಿನದ್ದು ಉಸಿರಾಡಿಸುವ ಸ್ನಾಯುಗಳನ್ನೇ ಮಲಗಿಸುತ್ತದೆ. ವೆಂಟಿಲೇಟರ್ ಬೇಕು, ಅದನ್ನು ನೋಡಿಕೊಳ್ಳಲು ಎಚ್ಚರವಿರುವ ತಜ್ಞರು ಬೇಕು. ಆಗ ಚೀಟಿ ಬರೆಯುವ ಹೊತ್ತು. ‘ಇಲ್ಲಾಗಲ್ಲ, ಬರ್ಕೊಡ್ತೀವಿ, ಮುಂದಕ್ಕೆ ಕರ್ಕೊಂಡ್ ಹೋಗಿ.’

ಮುಂದಕ್ಕೆ ಅಂದರೆ ಎಲ್ಲಿಗೆ? ಅದು ಊರು ಯಾವ ದಿಕ್ಕಿಗಿದೆ ಎಂಬುದರ ಮೇಲೆ. ಹೊಸದುರ್ಗದವರು ಅರವತ್ತು ಕಿಲೋಮೀಟರಿನಷ್ಟು ಬಂದು ದುರ್ಗ ಮುಟ್ಟಬೇಕು. ಹಿರಿಯೂರಿನವರಿಗೆ ಹೆದ್ದಾರಿ ಬಾಗಿಲಲ್ಲೇ ಇದೆ. ಬಲಕ್ಕೆ ತಿರುಗಿದರೆ ತುಮಕೂರು, ಬೆಂಗಳೂರು, ಎಡಕ್ಕೆ ತಿರುಗಿದರೆ ಚಿತ್ರದುರ್ಗ. ಹೊಳಲ್ಕೆರೆಯವರು ಶಿವಮೊಗ್ಗವೋ ದಾವಣಗೆರೆಯೋ ಎಂದು ಲೆಕ್ಕ ಹಾಕುತ್ತಾರೆ. ದುರ್ಗದವರಿಗೆ ಮಾತ್ರ ಲೆಕ್ಕವೇ ಬೇಡ. ಅವರ ಕಾಲು ತಾನಾಗಿ ದಾವಣಗೆರೆಯತ್ತ ಏಳುತ್ತದೆ. ಈ ಅಭ್ಯಾಸಕ್ಕೊಂದು ಇತಿಹಾಸವಿದೆ.

> ಚೌಕಟ್ಟು: ಹಾವು ಕಚ್ಚಿದಾಗ
>
> ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಕಟ್ಟಿಗೆಯ ಆಸರೆ ಕೊಟ್ಟು ಹೊರಡಿ. ಹಾವನ್ನು ಹುಡುಕಿ ಹೊಡೆದು ತರುವ ಅಗತ್ಯವಿಲ್ಲ: ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ.
>
> ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಚ್ಚಿ ಸತ್ತಿದ್ದಾರೆಂದು ಅಧ್ಯಯನವೊಂದರ ಅಂದಾಜು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಲ್ಲಿಯವರೆಗೆ ತೋಟದಲ್ಲೇ ಸತ್ತವರು ಯಾವ ಪಟ್ಟಿಗೂ ಸೇರಬೇಕಾಗಿರಲಿಲ್ಲ.

ಗೆರೆ ಎಳೆದ ವರ್ಷ

1965ರಲ್ಲಿ ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದಾಗ ಅದು ಚಿತ್ರದುರ್ಗ ಜಿಲ್ಲೆಯ ಕಾಲೇಜು. ಹತ್ತಿ ಗಿರಣಿಗಳ ಊರು ದಾವಣಗೆರೆಗೆ ದುಡ್ಡಿತ್ತು, ದುಡ್ಡಿಗೆ ತಕ್ಕ ಹಟವಿತ್ತು; ಕೋಟೆಯ ಊರಿಗೆ ಜಿಲ್ಲಾಧಿಕಾರಿ ಕಚೇರಿಯಿತ್ತು. ಒಂದೇ ಜಿಲ್ಲೆಯೊಳಗೆ ಇದೊಂದು ನಡೆಯುವ ಏರ್ಪಾಡು. ದುರ್ಗದಲ್ಲಿ ಕೋರ್ಟು ಕಚೇರಿ, ದಾವಣಗೆರೆಯಲ್ಲಿ ಆಸ್ಪತ್ರೆ, ನಡುವೆ ಅರವತ್ತು ಕಿಲೋಮೀಟರ್ ಹೆದ್ದಾರಿ.

1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಕಳಚಿಕೊಂಡವು. ಕಚೇರಿಗಳನ್ನು ಹಂಚಬಹುದು, ಕಡತಗಳನ್ನು ಲಾರಿಗೆ ಹೇರಬಹುದು. ಮೂವತ್ತೆರಡು ವರ್ಷ ಬೆಳೆದ ವೈದ್ಯಕೀಯ ಕಾಲೇಜನ್ನು, ಅದರ ಸುತ್ತ ಹುಟ್ಟಿಕೊಂಡ ನರ್ಸಿಂಗ್ ಹೋಮುಗಳನ್ನು, ಅಲ್ಲೇ ಮನೆ ಕಟ್ಟಿಕೊಂಡ ತಜ್ಞರನ್ನು ಹಂಚಲಾಗುವುದಿಲ್ಲ. ಗೆರೆ ಎಳೆದಾಗ ಅವೆಲ್ಲ ಆಚೆ ಉಳಿದವು. ಈಚೆಗೆ ಬಂದದ್ದು ಮಳೆ ಕಡಿಮೆಯ, ಊರಿಂದೂರು ದೂರದ ತಾಲ್ಲೂಕುಗಳು. ನೀರಿನದೂ ಇದೇ ಕಥೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು: ದುರ್ಗದ ನಲ್ಲಿಗೆ ಬರುವ ಸೂಳೆಕೆರೆಯ ನೀರು ಚನ್ನಗಿರಿ ತಾಲ್ಲೂಕಿನದು, ಎಂದರೆ ಅದೂ ಈಗ ದಾವಣಗೆರೆ ಜಿಲ್ಲೆಯದು.

ಜಿಲ್ಲೆ ಒಡೆದ ಕೆಲವೇ ವರ್ಷಗಳಲ್ಲಿ ಎಸ್‌ಜೆಎಂ ವಿದ್ಯಾಪೀಠದ ಬಸವೇಶ್ವರ ವೈದ್ಯಕೀಯ ಕಾಲೇಜು ದುರ್ಗದಲ್ಲಿ ತೆರೆಯಿತು. ಸರ್ಕಾರದ ಸ್ವಂತ ಕಾಲೇಜಿಗೆ ಮಾತ್ರ 2023ರವರೆಗೆ ಕಾಯಬೇಕಾಯಿತು. ಆ ವರ್ಷ 150 ಸೀಟುಗಳೊಂದಿಗೆ ಚಿತ್ರದುರ್ಗ ವೈದ್ಯಕೀಯ ಕಾಲೇಜು ಮೊದಲ ತಂಡವನ್ನು ಸೇರಿಸಿಕೊಂಡಿತು. ಗೆರೆ ಎಳೆದು ಇಪ್ಪತ್ತಾರು ವರ್ಷವಾಗಿತ್ತು.

ಕಾಲೇಜು ಬಂದರೆ ಊರಿನ ಮಕ್ಕಳು ಡಾಕ್ಟರಾಗುತ್ತಾರೆ ಎಂದು ಸಂಭ್ರಮಿಸಿದವರೇ ಹೆಚ್ಚು. ಸೀಟು ನೀಟ್ ರ‍್ಯಾಂಕಿಗೆ ಹೋಗುತ್ತದೆ. ಅದು ಊರು ಕೇಳುವುದಿಲ್ಲ. ರೋಗಿಗೆ ಆಗುವ ಲಾಭ ಬೇರೆ ಕಡೆ ಇದೆ. ಮಾನ್ಯತೆ ಉಳಿಸಿಕೊಳ್ಳಲು ಕಾಲೇಜಿಗೆ ಮೆಡಿಸಿನ್, ಸರ್ಜರಿ, ಅರಿವಳಿಕೆ, ರೇಡಿಯಾಲಜಿ, ಮಕ್ಕಳ ವಿಭಾಗಗಳು ಇರಲೇಬೇಕು, ಅವುಗಳಲ್ಲಿ ಪ್ರಾಧ್ಯಾಪಕರು ಇರಲೇಬೇಕು. ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ತಜ್ಞ ರಜೆ ಹಾಕಿದರೆ ವಿಭಾಗವೇ ಬೀಗ ಹಾಕಿದಂತಾಗುತ್ತಿದ್ದ ಕಾಲಕ್ಕೆ ಇದು ದೊಡ್ಡ ಬದಲಾವಣೆ. ವಿದ್ಯಾರ್ಥಿಗಳಿಗಾಗಿ ನೇಮಿಸಿದ ಮೇಷ್ಟರೇ ರೋಗಿಯ ಪಾಲಿಗೆ ಬಂದ ಭಾಗ್ಯ.

ಇದಕ್ಕೆಲ್ಲ ಹಣ? ಅದಿರಿನ ಕಥೆ ಅಡ್ಡ ಬರುತ್ತದೆ. ಭೀಮಸಮುದ್ರದ ಸುತ್ತ ಅದಿರು ಲಾರಿಗಳ ದೂಳು ಅಡಿಕೆ ಗರಿಯ ಮೇಲೂ ಕೂರುತ್ತದೆ, ಎದೆಯೊಳಗೂ ಕೂರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತ್ತು. ಮತ್ತೆ ಶುರುವಾದ ಮೇಲೆ ಗಣಿಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿಯಲ್ಲಿ ಆರೋಗ್ಯಕ್ಕೂ ಪಾಲಿದೆ. ಕೆಮ್ಮು ಕೊಟ್ಟವರ ದುಡ್ಡಿನಲ್ಲೇ ಸ್ಟೆತಾಸ್ಕೋಪು ಎಂದು ನಗುವವರಿದ್ದಾರೆ. ನಗಲಿ, ಕಟ್ಟಡವಂತೂ ಏಳಲಿ.

ಜನರ ಲೆಕ್ಕ, ನೆಲದ ಲೆಕ್ಕ

ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5 ಸಾವಿರಕ್ಕೊಂದು ಉಪಕೇಂದ್ರ. ಇದು ದೇಶದ ನಿಯಮ. ಕೇಳಲು ಸಮಾನತೆಯಂತೆಯೇ ಇದೆ.

ಈಗ ಚಿತ್ರದುರ್ಗದ ನೆಲದ ಮೇಲೆ ಅದನ್ನು ಹಾಸಿ ನೋಡಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ, ವಿಸ್ತಾರ 8 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಸಾಂದ್ರತೆ ಚದರ ಕಿಲೋಮೀಟರಿಗೆ 197. ರಾಜ್ಯದ ಸರಾಸರಿ 319. ಅಂದರೆ ಅದೇ 30 ಸಾವಿರ ಜನ ರಾಜ್ಯದ ಸರಾಸರಿಯಲ್ಲಿ ಸುಮಾರು 94 ಚದರ ಕಿಲೋಮೀಟರಿನಲ್ಲಿ ಸಿಕ್ಕಿಬಿಡುತ್ತಾರೆ. ಇಲ್ಲಿ ಅವರನ್ನು ಕೂಡಿಸಲು 150 ಚದರ ಕಿಲೋಮೀಟರ್ ಸುತ್ತಬೇಕು. ನಿಯಮ ಅಕ್ಷರಶಃ ಪಾಲನೆಯಾದರೂ ಹಿರಿಯೂರಿನ ಬಸುರಿ ಹೆಚ್ಚು ನಡೆಯುತ್ತಾಳೆ. ಯಾರೂ ಅನ್ಯಾಯ ಮಾಡಿಲ್ಲ, ಸೂತ್ರ ಮಾಡಿದೆ.

2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್ ಈ ದೂರವನ್ನು ಬಹಳ ಮಟ್ಟಿಗೆ ಕುಗ್ಗಿಸಿತು. ಹೆದ್ದಾರಿಯ ಬದಿಯ ಊರುಗಳಿಗೆ ಅದು ಬೇಗ ಬರುತ್ತದೆ. ಆದರೆ ಅದೇ ಹೆದ್ದಾರಿ ಅದನ್ನು ಕಿತ್ತುಕೊಳ್ಳುತ್ತದೆ ಕೂಡ. ಹಿರಿಯೂರಿನ ಸುತ್ತಮುತ್ತಲ ಗೇಟುಗಳು ಅಪಘಾತದ ಸುದ್ದಿಗೆ ಹೊಸವಲ್ಲ; 2020ರ ಆಗಸ್ಟಿನಲ್ಲಿ ಕೆ.ಆರ್. ಹಳ್ಳಿ ಬಳಿ ಖಾಸಗಿ ಬಸ್ಸು ಹೊತ್ತಿ ಉರಿದು ಮಕ್ಕಳೂ ಸೇರಿ ಐವರು ಸತ್ತರು. ಬೆಂಗಳೂರು–ಪುಣೆ ನಡುವೆ ಓಡುವವರೆಲ್ಲರ ಜೀವದ ಕಾವಲು ಬಡ ತಾಲ್ಲೂಕಿನ ಆಸ್ಪತ್ರೆಯ ಪಾಲಿಗೆ ಬಂದಿದೆ. ಅಂಥ ರಾತ್ರಿ ಒಳನಾಡಿನ ಹಟ್ಟಿಯಿಂದ ಹೋದ ಫೋನಿಗೆ ‘ಗಾಡಿ ಬೇರೆ ಕೇಸಿಗೆ ಹೋಗಿದೆ’ ಎಂಬ ಉತ್ತರ ಬಂದರೆ ಯಾರನ್ನು ಬೈಯುವುದು?

ಹಲ್ಲಿನ ಮೇಲೆ ಬರೆದ ಊರು

ಕೆಲವು ಹಳ್ಳಿಗಳಲ್ಲಿ ಶಾಲೆಯ ಮಕ್ಕಳು ನಕ್ಕಾಗ ಊರಿನ ಕೊಳವೆಬಾವಿಯ ಆಳ ಹೇಳಬಹುದು. ಹಲ್ಲಿನ ಮೇಲೆ ಸುಣ್ಣದ ಬಿಳಿ ಮಚ್ಚೆ, ಆಮೇಲೆ ಅಡ್ಡಗೆರೆ, ಆಮೇಲೆ ಕಂದು. ಎಷ್ಟುಜ್ಜಿದರೂ ಹೋಗದು. ಫ್ಲೋರೈಡಿನ ಕೆಲಸ.

ಈ ಸೀಮೆಯ ಬಂಡೆಯಲ್ಲೇ ಫ್ಲೋರೈಡ್ ಇದೆ. ತೆರೆದ ಬಾವಿ, ಕೆರೆಯ ನೀರು ಕುಡಿಯುತ್ತಿದ್ದಷ್ಟು ದಿನ ಅದು ಬಂಡೆಯಲ್ಲೇ ಇತ್ತು. ಬಾವಿ ಬತ್ತಿ, ರಿಗ್ ಲಾರಿಗಳು ಬಂದು, ಮುನ್ನೂರು ಅಡಿ ಆರುನೂರಾಗಿ ಸಾವಿರ ಮುಟ್ಟಿದಾಗ, ಬಂಡೆಯ ಬಿರುಕಿನಲ್ಲಿ ತಲೆಮಾರುಗಟ್ಟಲೆ ನೆನೆದ ನೀರು ಮೇಲೆ ಬಂತು. ಆ ನೀರಿನಲ್ಲಿ ಸುಣ್ಣದಂಶ ಕಡಿಮೆ, ಕ್ಷಾರ ಹೆಚ್ಚು. ಫ್ಲೋರೈಡ್ ಕರಗಲು ಬೇಕಾದದ್ದೇ ಅದು.

ಹಲ್ಲಿನದು ಕಣ್ಣಿಗೆ ಕಾಣುತ್ತದೆ. ಮೂಳೆಯದು ಕಾಣುವುದಿಲ್ಲ. ನಲವತ್ತು ದಾಟಿದವರ ಮಂಡಿ ಬಿಗಿಯುತ್ತದೆ, ಕತ್ತು ತಿರುಗದಾಗುತ್ತದೆ, ಬೆನ್ನು ಬಗ್ಗುವುದಿಲ್ಲ. ಮನೆಯವರು ‘ವಾಯು’ ಎನ್ನುತ್ತಾರೆ, ಊರಿನ ಡಾಕ್ಟರು ನೋವಿನ ಮಾತ್ರೆ ಕೊಡುತ್ತಾರೆ. ವರ್ಷಗಟ್ಟಲೆ ನುಂಗಿದ ಆ ಮಾತ್ರೆ ಕೊನೆಗೆ ಕಿಡ್ನಿಯ ಬಾಗಿಲು ತಟ್ಟಿದಾಗ ಮತ್ತೆ ದಾವಣಗೆರೆ ದಾರಿ. ಬಾವಿಯಲ್ಲಿ ಶುರುವಾದ ಕಾಯಿಲೆಗೆ ನೂರು ಕಿಲೋಮೀಟರ್ ಆಚೆ ಬಿಲ್ಲು.

ಪರಿಹಾರವೆಂದು ಊರೂರಲ್ಲಿ ಶುದ್ಧ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿ, ಕ್ಯಾನು ಹಿಡಿ. ಒಳ್ಳೆಯ ಯೋಜನೆ, ಆದರೆ ನೀರು ಸೋಸುವ ಪೊರೆ ಬದಲಿಸಲು ದುಡ್ಡಿಲ್ಲದಿದ್ದಾಗ ಅದು ಬರೀ ನಾಣ್ಯ ನುಂಗುವ ಡಬ್ಬ. ಇನ್ನೊಂದು ಸಂಗತಿಯನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ: ಘಟಕ ಬೇರ್ಪಡಿಸಿದ ಫ್ಲೋರೈಡ್ ಮಾಯವಾಗುವುದಿಲ್ಲ. ಮೊದಲಿಗಿಂತ ಗಟ್ಟಿಯಾಗಿ ಹಿಂಬದಿಯ ಚರಂಡಿಗೆ ಹರಿದು, ಅದೇ ನೆಲಕ್ಕೆ ಇಳಿಯುತ್ತದೆ.

> ಚೌಕಟ್ಟು: ಕುದಿಸಿದರೆ ಹೆಚ್ಚಾಗುತ್ತದೆ
>
> ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕುದಿಸುವುದರಿಂದ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಸಾಂದ್ರತೆ ಏರುತ್ತದೆ. ಹಲ್ಲು ಒಳಗೊಳಗೇ ರೂಪುಗೊಳ್ಳುವ ಬಾಲ್ಯದ ಮೊದಲ ಎಂಟು ವರ್ಷ ಬಹು ಮುಖ್ಯ.
>
> ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ವಿವರಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ.

ಮೇಲ್ಮೈ ನೀರು ಬಂದರೆ ಈ ಪಾಡು ತಪ್ಪುತ್ತದೆ ಎಂಬ ಆಸೆಯನ್ನು ವೇದಾವತಿಯ ಮೇಲಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಚಿಗುರಿಸಿದೆ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದನ್ನು ಅಜ್ಜಂದಿರು ಕಥೆಯಾಗಿ ಹೇಳುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ, ಮೊಮ್ಮಕ್ಕಳು ಕಣ್ಣಾರೆ ಕಂಡರು. ಬುತ್ತಿ ಕಟ್ಟಿಕೊಂಡು ನೋಡಲು ಹೋದರು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ಕೈ ಹಿಡಿಯುತ್ತಿದೆ.

ನದಿಯ ನೀರು ಬಂದ ಮಾತ್ರಕ್ಕೆ ಗೆದ್ದೆವೆನ್ನುವಂತಿಲ್ಲ. 2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗ ನಗರದ್ದೇ ಬಡಾವಣೆಯಾದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರಿಗೆ ವಾಂತಿಭೇದಿ ಹತ್ತಿತು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹಲವರು ಉಳಿಯಲಿಲ್ಲ. ದಲಿತರೇ ಹೆಚ್ಚಿರುವ ಕೇರಿ ಅದು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಸ್ಪತ್ರೆ ಎಲ್ಲವೂ ಅದೇ ಊರಿನಲ್ಲಿವೆ. ದೂರದ ಲೆಕ್ಕ ಅಲ್ಲಿ ಸೊನ್ನೆ. ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಮೊದಲ ಮಕ್ಕಳು ಸೇರಿದ ವರ್ಷವೇ ಅದೇ ನಗರದಲ್ಲಿ ಕುಡಿಯುವ ನೀರು ಜೀವ ತೆಗೆಯಿತೆಂಬುದನ್ನು ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗ ಮೊದಲ ಪಾಠ ಮಾಡಿಕೊಳ್ಳಬಹುದು.

ಬೇಲಿಯಾಚೆಯ ಬಾಣಂತಿ

ಹಿರಿಯೂರು, ಚಿತ್ರದುರ್ಗದ ಬಯಲಿನಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಕುರಿ, ಮೇಕೆ, ಸುತ್ತಲೂ ಮುಳ್ಳುಬೇಲಿ, ನಡುವೆ ಗುಡಿ. ಜುಂಜಪ್ಪ, ಎತ್ತಪ್ಪರ ಕಥೆಗಳನ್ನು ಇರುಳಿಡೀ ಹಾಡಬಲ್ಲ ಜನ. ಅದೇ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಗಳು, ಹಸಿ ಬಾಣಂತಿ ಬೇಲಿಯ ಹೊರಗಿರಬೇಕೆಂಬ ಕಟ್ಟಳೆ ಇನ್ನೂ ಪೂರ್ತಿ ಅಳಿದಿಲ್ಲ.

ಈ ಕಟ್ಟಳೆ ಆಸ್ಪತ್ರೆಯ ಅಂಕಿಅಂಶದಲ್ಲಿ ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ 97% ಆಸ್ಪತ್ರೆಯಲ್ಲೇ ಆಗಿವೆ. ರಾಜ್ಯದ ತಾಯಂದಿರ ಮರಣ ಪ್ರಮಾಣ 2001–03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕಿಳಿಯಿತು. ದೊಡ್ಡ ಗೆಲುವೇ. ಆದರೆ ಆಸ್ಪತ್ರೆಯ ಗೆಲುವು ಡಿಸ್ಚಾರ್ಜ್ ಚೀಟಿಗೆ ಮುಗಿಯುತ್ತದೆ. ಹೊದಿಕೆಯಲ್ಲಿ ಸುತ್ತಿಕೊಟ್ಟ ಕೂಸು ಮನೆಗೆ ಹೋಗುವ ಬದಲು ಗುಡಿಸಲಿಗೆ ಹೋದರೆ, ಮಳೆ ಹಿಡಿದರೆ, ಮೂರು ಕೆಜಿಯೂ ಇಲ್ಲದ ಮೈ ಎಷ್ಟು ಹೊತ್ತು ಬಿಸಿ ಉಳಿಸಿಕೊಂಡೀತು? 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆಯೇ ಹೊರಗಿಟ್ಟ ಬಾಣಂತಿಯ ಹಸುಗೂಸು ತೀರಿಕೊಂಡಾಗ ರಾಜ್ಯಕ್ಕೆ ಎಚ್ಚರವಾಯಿತು.

ಸರ್ಕಾರ ಎರಡು ದಾರಿ ಹಿಡಿದಿದೆ, ಎರಡೂ ಒಂದಕ್ಕೊಂದು ಬೆನ್ನು ಹಾಕಿವೆ. ಮುಟ್ಟಾದವರನ್ನು, ಬಸುರಿಯರನ್ನು ಒತ್ತಾಯದಿಂದ ಹೊರಗಿಡುವುದು 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಡಿ ಅಪರಾಧ. ಇತ್ತ ಹಟ್ಟಿಗಳ ಹೊರಗೆ ‘ಕೃಷ್ಣ ಕುಟೀರ’ ಎಂಬ ಕೋಣೆಗಳನ್ನೂ ಸರ್ಕಾರವೇ ಕಟ್ಟಿಸಿತು, ಇರುವಷ್ಟು ದಿನ ಬೆಚ್ಚಗಿರಲಿ ಎಂದು. ಕನಿಕರ ಸರಿ. ಗುಡಿಸಲಾಗಿದ್ದರೆ ಬಿದ್ದುಹೋಗುತ್ತಿತ್ತು, ಈಗ ಕಟ್ಟಳೆಗೆ ಆರ್‌ಸಿಸಿ ಚಾವಣಿ ಸಿಕ್ಕಿತು.

ನಡುವೆ ನಿಂತವಳು ಆಶಾ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಹುಟ್ಟಿದ ಹುದ್ದೆ; ಹುದ್ದೆ ಎನ್ನಲೂ ಆಗದು, ಕಾಗದದಲ್ಲಿ ಆಕೆ ‘ಕಾರ್ಯಕರ್ತೆ’. ಹೆರಿಗೆಯಾದ 3, 7, 14, 21, 28, 42ನೇ ದಿನ ತಾಯಿಮಗುವನ್ನು ನೋಡಬೇಕು. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುತ್ತದೋ ಇಲ್ಲವೋ. ಹಟ್ಟಿಯ ಪೂಜಾರಪ್ಪ ಸಿಟ್ಟಾಗದಂತೆ, ಅತ್ತೆ ಮುಖ ತಿರುಗಿಸದಂತೆ, ‘ಆರನೇ ಭೇಟಿಯೊಳಗೆ ಒಳಗೆ ಕರ್ಕೊಳ್ರಿ’ ಎಂದು ಮನವೊಲಿಸುವವಳೂ ಅವಳೇ. ಪೊಲೀಸು ಬಂದರೆ ಒಂದು ದಿನ ಬಾಗಿಲು ತೆರೆಯುತ್ತದೆ. ಅವಳು ಬಂದರೆ ನಿಧಾನವಾಗಿ ತೆರೆಯುತ್ತದೆ, ಆಮೇಲೆ ಮುಚ್ಚುವುದಿಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತು ಇವರೆಲ್ಲ 15 ಸಾವಿರ ಗೌರವಧನ ಕೇಳಿದರು. 10 ಸಾವಿರದ ಭರವಸೆ ಹಿಡಿದು ಊರಿಗೆ ಮರಳಿದರು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆ ಬಂದ ಮೇಲೆ ಅವರ ಚೀಲ ಇನ್ನಷ್ಟು ಭಾರವಾಗಿದೆ.

ಕೂತಲ್ಲೇ ಕೂತ ಒಬ್ಬರು

ರೋಗಿ ಓಡುವ ಈ ಸೀಮೆಗೆ ರೋಗಿಗಳು ಹೊರಗಿನಿಂದ ಹುಡುಕಿಕೊಂಡು ಬರುತ್ತಿದ್ದ ಕಾಲವೂ ಒಂದಿತ್ತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ.

1943ರಲ್ಲಿ ಅಲ್ಲಿಗೆ ಯೋಗ ಕಲಿಸಲು ಬಂದ ವ್ಯಾಯಾಮದ ಮೇಷ್ಟ್ರು ಅಲ್ಲಿಯೇ ಉಳಿದರು. ಜನ ಅವರನ್ನು ರಾಘವೇಂದ್ರ ಸ್ವಾಮಿಗಳೆಂದರು, ಅವರು ತಮ್ಮನ್ನು ‘ತಿರುಕ’ ಎಂದುಕೊಂಡರು, ಆ ಹೆಸರಿನಲ್ಲೇ ಬರೆದರು. ಜೋಳಿಗೆ ಹಿಡಿದು ಬೇಡಿ ತಂದದ್ದರಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಶಾಲೆ ಬಂತು, ಆಯುರ್ವೇದ ಆಸ್ಪತ್ರೆ ಬಂತು, ಆಯುರ್ವೇದ ಕಾಲೇಜೂ ಬಂತು. ನಾಡಿನುದ್ದಕ್ಕೂ ಯೋಗ ಶಿಬಿರ ನಡೆಸಿದರೂ ಮರಳುತ್ತಿದ್ದದ್ದು ಈ ಹಳ್ಳಿಗೇ. 1890ರಲ್ಲಿ ಹುಟ್ಟಿದವರೆನ್ನಲಾದ ಅವರು 1996ರ ಆಗಸ್ಟ್ 31ರಂದು ತೀರಿಕೊಂಡರು. ನೂರು ದಾಟಿದ ಆಯಸ್ಸೇ ಅವರ ವೈದ್ಯಕ್ಕೆ ಜಾಹೀರಾತಾಗಿತ್ತು ಎಂದರೆ ಭಕ್ತರು ಮುನಿಯಲಾರರು.

ಅವರ ಕೈಗುಣದ ಪವಾಡದ ಕಥೆಗಳು ಬಹಳ. ಅವನ್ನೆಲ್ಲ ನಂಬಬೇಕಾಗಿಲ್ಲ. ಕಟ್ಟುಹಾವು ಕಚ್ಚಿದವನಿಗೆ ಕಷಾಯ ಸಾಲದು, ಅದು ಅಂದಿಗೂ ಇಂದಿಗೂ ಸತ್ಯ. ಆದರೆ ಬಸ್ಸೇ ಅಪರೂಪವಾಗಿದ್ದ ಕಾಲದಲ್ಲಿ ಜನ ಅಷ್ಟು ದೂರದಿಂದ ಅಲ್ಲಿಗೇಕೆ ಬಂದರು? ಬೆಳಗ್ಗೆ ಹೋದರೆ ಅಲ್ಲೊಬ್ಬರು ಸಿಗುತ್ತಿದ್ದರು, ನಾಡಿ ಹಿಡಿದು ಮನೆಯ ಕಷ್ಟವನ್ನೂ ಕೇಳುತ್ತಿದ್ದರು, ಕಾಸು ಕೇಳುತ್ತಿರಲಿಲ್ಲ. ‘ಮುಂದಕ್ಕೆ ಹೋಗಿ’ ಎನ್ನದ ಬಾಗಿಲು ಅದು. ಐವತ್ತು ವರ್ಷ ಒಂದೇ ಹಳ್ಳಿಯಲ್ಲಿ ಕೂತ ವೈದ್ಯರು ಈ ನಾಲ್ಕು ತಾಲ್ಲೂಕಿಗೆ ಮತ್ತೆ ಎಷ್ಟು ಮಂದಿ ಸಿಕ್ಕಿದ್ದಾರೆ?

ಹಾಗೆ ಕೂರಿಸಲು ಸರ್ಕಾರ ಕಾನೂನಿನ ಮೊರೆಹೊಕ್ಕದ್ದುಂಟು. 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಸೇವೆ ಕಡ್ಡಾಯವೆಂಬ ಕಾಯ್ದೆ ಮಾಡಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, ಕಾಯ್ದೆ ಉಳಿಯಿತು. ಆಮೇಲೆ ಸರ್ಕಾರವೇ ಖಾಲಿ ಹುದ್ದೆಗಳಿರುವಷ್ಟು ಮಂದಿಗೆ ಮಾತ್ರ ಎಂದು ಅದನ್ನು ಸಡಿಲಿಸಿತು. ಖಾಲಿ ಹುದ್ದೆ ಎಂದರೆ ಮಂಜೂರಾದ ಹುದ್ದೆ. ಮಂಜೂರಾಗುವುದು ಜನಸಂಖ್ಯೆಯ ಸೂತ್ರದಂತೆ. ಆ ಸೂತ್ರ ಈ ನೆಲವನ್ನು ಅಳೆಯುವುದು ಹೇಗೆಂದು ಆಗಲೇ ನೋಡಿದೆವು.

2023ರಲ್ಲಿ ದುರ್ಗದ ಸರ್ಕಾರಿ ಕಾಲೇಜು ಸೇರಿದ ಮೊದಲ 150 ಮಂದಿ, ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ 2029ರ ಸುಮಾರಿಗೆ ಹೊರಬರುತ್ತಾರೆ. ಬೆಂಗಳೂರಿನವರು, ಬೆಳಗಾವಿಯವರು, ರಾಜಸ್ಥಾನದವರೂ ಇದ್ದಾರು. ಬಹುತೇಕರು ಪಿಜಿ ಪರೀಕ್ಷೆಯ ಪುಸ್ತಕ ಹಿಡಿದು ಊರು ಬಿಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಹೊಸದುರ್ಗದ ಒಳಗಿನ ಆರೋಗ್ಯ ಕೇಂದ್ರಗಳಿಗೆ ಹತ್ತು ಮಂದಿ ಬಂದು ಹತ್ತು ವರ್ಷ ನಿಂತರೂ ದಾವಣಗೆರೆಗೆ ಬರೆಯುವ ಚೀಟಿಗಳು ಕಡಿಮೆಯಾಗುತ್ತವೆ. ಅವರಿಗೆ ಕ್ವಾರ್ಟರ್ಸು, ಮಕ್ಕಳಿಗೆ ಶಾಲೆ, ರಾತ್ರಿ ಪಾಳಿಗೆ ಜೊತೆಗೊಬ್ಬ ನರ್ಸು, ಕುಡಿಯಲು ಫ್ಲೋರೈಡಿಲ್ಲದ ನೀರು ಕೊಡುವ ಕೆಲಸಕ್ಕೆ 2029ರವರೆಗೆ ಕಾಯಬೇಕಾಗಿಲ್ಲ.